ಆಫ್ ಇರಬೇಕಿದ್ದ ಸ್ವಿಚ್

ಜಾಲತಾಣಗಳು ನಮ್ಮನ್ನು ಗುರುತಿಟ್ಟುಕೊಳ್ಳುವುದು ಹೇಗೆ, ಆ ಗುರುತು ಯಾರ ಯಾರ ಕೈಗೆ ಹೋಗುತ್ತದೆ, ಕಡಿವಾಣ ಎಲ್ಲಿದೆ? ಬ್ರೌಸರ್ ಕುಕಿಯ ಮೂವತ್ತು ವರ್ಷಗಳ ಕತೆ.

1997ರ ಫೆಬ್ರುವರಿಯಲ್ಲಿ ಇಬ್ಬರು ಎಂಜಿನಿಯರುಗಳು ಬರೆದ ಒಂದು ತಾಂತ್ರಿಕ ದಸ್ತಾವೇಜು ಪ್ರಕಟವಾಯಿತು. ಅಂತರ್ಜಾಲದ ನಿಯಮಗಳನ್ನು ರೂಪಿಸುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಅದಕ್ಕೆ ಕೊಟ್ಟ ಹೆಸರು ಆರ್‌ಎಫ್‌ಸಿ 2109. ಇಂಥ ದಸ್ತಾವೇಜುಗಳನ್ನು ಪುಣ್ಯಕ್ಕೆ ಯಾರೂ ಖುಷಿಗಾಗಿ ಓದುವುದಿಲ್ಲ. ಆದರೆ ಇದರ ನಡುವೆ ಒಂದು ಮುಖ್ಯವಾದ ಮಾತಿತ್ತು. ನೀವು ತೆರೆದ ಜಾಲತಾಣ ನಿಮ್ಮ ಬ್ರೌಸರಿನಲ್ಲಿ ಕುಕಿ ಇಡಬಹುದು. ನಿಮಗೆ ಗೊತ್ತೇ ಇಲ್ಲದ ಮೂರನೆಯವರು ಅದೇ ಪುಟದ ನೆಪದಲ್ಲಿ ಬಂದು ಇಡುವಂತಿಲ್ಲ. ಅದಕ್ಕೂ ಅವಕಾಶ ಕೊಡುವ ಸ್ವಿಚ್ ಒಂದನ್ನು ಬ್ರೌಸರ್ ತಯಾರಿಸುವವರು ಇಡುವುದಾದರೆ ಇಡಲಿ, ಆದರೆ ಅದು ಮೊದಲಿಗೆ ಆಫ್ ಆಗಿಯೇ ಇರಬೇಕು.

ಆ ಕಾಲದ ಎರಡು ದೊಡ್ಡ ಬ್ರೌಸರುಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಈ ಮಾತಿಗೆ ಕಿವಿಗೊಡಲಿಲ್ಲ. ಸ್ವಿಚ್ ಆನ್ ಆಗಿಯೇ ಉಳಿಯಿತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಜನ ಬಳಸುವ ಕ್ರೋಮ್‌ನಲ್ಲಿ ಅದು ಈಗಲೂ ಆನ್. ಜಾಲತಾಣಗಳ ಅಡಿಭಾಗದಲ್ಲಿ ಧುತ್ತೆಂದು ಎದ್ದು ನಿಲ್ಲುವ ಒಪ್ಪಿಗೆಯ ಪಟ್ಟಿಗಳು, ಯುರೋಪಿನ ಕೋಟಿಗಟ್ಟಲೆ ದಂಡ, ಒಮ್ಮೆ ನೋಡಿದ ಸೀರೆ ವಾರಗಟ್ಟಲೆ ಬೆನ್ನು ಹತ್ತುವುದು, ಎಲ್ಲದರ ಬುಡದಲ್ಲಿ ಇರುವುದು ಆ ಒಂದು ಸ್ವಿಚ್. ಕುಕಿ ಎಂದರೆ ವೈರಸ್ಸಿನ ತಮ್ಮ ಎಂದು ಭಾವಿಸಿರುವವರು ಬಹಳ ಮಂದಿ. ಅಂಥವರ ಜತೆ ನನಗೆ ಸ್ವಲ್ಪ ತಕರಾರಿದೆ.

ಮರೆಗುಳಿ ಸರ್ವರಿಗೊಂದು ಟೋಕನ್

ವೆಬ್ ಹುಟ್ಟಿದ್ದೇ ಮರೆಗುಳಿಯಾಗಿ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಋಣ ಹರಿಯಿತು. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಸರ್ವರಿಗೆ ಅದು ಹೊಸಬ. ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಹಂಚಿಕೊಳ್ಳಲು ಇಷ್ಟು ಸಾಕಿತ್ತು. ವ್ಯಾಪಾರಕ್ಕೆ ಸಾಲದು. ಬುಟ್ಟಿಗೆ ಸಾಮಾನು ಹಾಕಿ ಪಕ್ಕದ ಪುಟಕ್ಕೆ ಹೋದ ಗಿರಾಕಿಯನ್ನು ಅಂಗಡಿಯೇ ಮರೆತರೆ ಬಿಲ್ ಮಾಡುವುದು ಯಾರಿಗೆ?

1994ರಲ್ಲಿ ಈ ಪೇಚಿಗೆ ಸಿಕ್ಕಿದ್ದು ಎಂಸಿಐ ಎಂಬ ಅಮೆರಿಕದ ದೂರವಾಣಿ ಕಂಪನಿ. ಅದಕ್ಕೊಂದು ಆನ್‌ಲೈನ್ ಮಳಿಗೆ ಬೇಕಿತ್ತು, ಆದರೆ ಅರ್ಧ ಮುಗಿದ ಖರೀದಿಗಳ ಲೆಕ್ಕವನ್ನೆಲ್ಲ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳಲು ಅದು ಸಿದ್ಧವಿರಲಿಲ್ಲ. ಆಗಷ್ಟೇ ಶುರುವಾಗಿದ್ದ, ಮುಂದೆ ನೆಟ್‌ಸ್ಕೇಪ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯಲ್ಲಿದ್ದ ಲೂ ಮೊಂಟುಲಿ ಎಂಬ 23ರ ಹುಡುಗ ದಾರಿ ಹುಡುಕಿದ: ಲೆಕ್ಕದ ಗುರುತನ್ನು ಗಿರಾಕಿಯ ಕಂಪ್ಯೂಟರಿನಲ್ಲೇ ಇಟ್ಟರಾಯಿತು. ಪ್ರತಿಸಲ ಪುಟ ಕೇಳುವಾಗ ಬ್ರೌಸರ್ ಅದನ್ನೂ ಜತೆಗೆ ಕಳಿಸಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಆ ಕಂಪನಿಯ ಮೊದಲ ಬ್ರೌಸರಿನಲ್ಲೇ ಕುಕಿ ಇತ್ತು. ಬಳಸುವವರಿಗೆ ಅದರ ಸುಳಿವು ಇರಲಿಲ್ಲ.

ದೊಡ್ಡ ದೇವಸ್ಥಾನಗಳ ಹೊರಗೆ ಚಪ್ಪಲಿ ಬಿಡುವ ಕೌಂಟರಿನಲ್ಲಿ ಕೊಡುತ್ತಾರಲ್ಲ ಟೋಕನ್, ಕುಕಿ ಎಂದರೆ ಅಷ್ಟೇ. ಟೋಕನ್ನಿನ ಮೇಲೆ ನಿಮ್ಮ ಹೆಸರಿಲ್ಲ, ಚಪ್ಪಲಿಯ ಬಣ್ಣವಿಲ್ಲ. ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಯಾವ ಖಾನೆ ಎಂಬುದು ಗೊತ್ತಿರುವುದು ಕೌಂಟರಿನವನಿಗೆ. ಹಾಗೆಯೇ ಕುಕಿಯೊಳಗೆ ಇಣುಕಿದರೆ ಕಾಣುವುದು ಅಕ್ಷರ ಅಂಕಿಗಳ ಅರ್ಥವಿಲ್ಲದ ಸರಮಾಲೆ, ಯಾವ ತಾಣಕ್ಕೆ ಸೇರಿದ್ದು, ಯಾವತ್ತಿಗೆ ಮುಗಿಯುತ್ತದೆ ಎಂಬ ವಿವರ. ಒಂದು ಕುಕಿಯ ಗಾತ್ರ ಸಾಮಾನ್ಯವಾಗಿ 4096 ಬೈಟ್ ಮೀರುವಂತಿಲ್ಲ, ಈ ಲೇಖನದ ಒಂದೆರಡು ಪ್ಯಾರಾ ಹಿಡಿಸಿದರೆ ಹೆಚ್ಚು. ಅದು ಬರೀ ಪಠ್ಯ. ತಾನಾಗಿ ಏನನ್ನೂ ನಡೆಸಲಾರದು, ನಿಮ್ಮ ಫೋಟೊಗಳನ್ನು ತೆರೆದು ನೋಡಲಾರದು. ಒಂದು ತಾಣದ ಕುಕಿಯನ್ನು ಇನ್ನೊಂದು ತಾಣ ಓದಲು ಬ್ರೌಸರ್ ಬಿಡುವುದಿಲ್ಲ.

ಬ್ಯಾಂಕಿನ ತಾಣದಲ್ಲಿ ಪಾಸ್‌ವರ್ಡ್ ಒಮ್ಮೆ ಕೊಟ್ಟ ಮೇಲೆ ಪ್ರತಿ ಕ್ಲಿಕ್ಕಿಗೂ ಮತ್ತೆ ಕೇಳದಿರುವುದು ಕುಕಿಯ ದೆಸೆಯಿಂದ. ಸುದ್ದಿತಾಣದಲ್ಲಿ ಕನ್ನಡವನ್ನು ಆರಿಸಿಕೊಂಡರೆ ನಾಳೆಯೂ ಕನ್ನಡದಲ್ಲೇ ತೆರೆದುಕೊಳ್ಳುವುದೂ ಬಹುತೇಕ ಅದರಿಂದಲೇ. ಕೆಲವು ಕುಕಿಗಳು ಬ್ರೌಸರ್ ಮುಚ್ಚಿದೊಡನೆ ಅಳಿಯುತ್ತವೆ, ಕೆಲವು ತಿಂಗಳುಗಟ್ಟಲೆ ಕೂರುತ್ತವೆ. ದಶಕಗಳ ಆಯುಷ್ಯ ಬರೆದುಕೊಂಡು ಬರುತ್ತಿದ್ದ ಕುಕಿಗಳೂ ಇದ್ದವು. 2022ರಿಂದ ಕ್ರೋಮ್ ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚು ಆಯುಷ್ಯ ಕೊಡುವುದಿಲ್ಲ.

ಪುಟ ಒಂದು, ಮಾಲೀಕರು ಹಲವರು

ಹಾಗಾದರೆ ತಕರಾರು ಎಲ್ಲಿ? ನಾವು ನೋಡುವ ಪುಟ ಒಂದೇ ಕಡೆಯಿಂದ ಬರುವುದಿಲ್ಲ. ಸುದ್ದಿತಾಣವೊಂದನ್ನು ತೆರೆಯಿರಿ. ಬರಹ ಪತ್ರಿಕೆಯ ಸರ್ವರಿನಿಂದ, ವಿಡಿಯೊ ಯೂಟ್ಯೂಬಿನಿಂದ, ಹಂಚಿಕೊಳ್ಳುವ ಬಟನ್ ಫೇಸ್‌ಬುಕ್ಕಿನಿಂದ, ಪಕ್ಕದ ಜಾಹೀರಾತು ಇನ್ಯಾವುದೋ ಕಂಪನಿಯಿಂದ ಬರುತ್ತದೆ. ಪುಟದ ತುಂಡುಗಳನ್ನು ಕಳಿಸುವ ಪ್ರತಿಯೊಂದು ಸರ್ವರಿಗೂ ತನ್ನದೊಂದು ಟೋಕನ್ ಕೊಡುವ ಅವಕಾಶವಿದೆ. ನೀವು ಹೋದದ್ದು ಪತ್ರಿಕೆಯ ತಾಣಕ್ಕೆ. ಟೋಕನ್ ಕೊಟ್ಟವನು ಜಾಹೀರಾತಿನವನು. ಇದೇ ಥರ್ಡ್ ಪಾರ್ಟಿ ಕುಕಿ.

ಒಂದೇ ತಾಣದಲ್ಲಿ ಇದರಿಂದ ಅಂಥ ಹಾನಿಯೇನಿಲ್ಲ. ಆದರೆ ಅದೇ ಜಾಹೀರಾತಿನವನು ಸೀರೆ ಅಂಗಡಿಯ ತಾಣದಲ್ಲೂ, ಅಡುಗೆ ತಾಣದಲ್ಲೂ, ಸಕ್ಕರೆ ಕಾಯಿಲೆಯ ಬಗ್ಗೆ ಬರೆಯುವ ತಾಣದಲ್ಲೂ ನಿಂತಿರುತ್ತಾನೆ. ಎಲ್ಲೆಡೆಯೂ ನಿಮ್ಮ ಬ್ರೌಸರ್ ಅವನ ಹಳೆಯ ಟೋಕನ್ನನ್ನೇ ನಿಷ್ಠೆಯಿಂದ ತೋರಿಸುತ್ತದೆ. ಬೆಳಿಗ್ಗೆ ಮೈಸೂರು ರೇಷ್ಮೆ, ಮಧ್ಯಾಹ್ನ ರಾಗಿ ದೋಸೆ, ರಾತ್ರಿ ಇನ್ಸುಲಿನ್: ಮೂರೂ ಒಂದೇ ಸಂಖ್ಯೆಯ ಮುಂದೆ ಜಮೆಯಾಗುತ್ತವೆ. ಹೆಸರು ಬೇಕಿಲ್ಲ. ಹೆಸರಿಗಿಂತ ಹೆಚ್ಚನ್ನು ಈ ಸಾಲುಗಳೇ ಹೇಳುತ್ತವೆ.

ಇದರ ಮೇಲೆ ಒಂದು ಹರಾಜು ನಡೆಯುತ್ತದೆ. ಪುಟ ತೆರೆದುಕೊಳ್ಳುವ ಆ ಸೆಕೆಂಡಿನ ಚೂರಿನಲ್ಲಿ, ಇಂಥ ಸಂಖ್ಯೆಯ ಬ್ರೌಸರ್ ಬಂದಿದೆ, ಇದಕ್ಕೆ ಜಾಹೀರಾತು ತೋರಿಸಲು ಯಾರು ಎಷ್ಟು ಕೊಡುತ್ತೀರಿ ಎಂದು ಹತ್ತಾರು ಕಂಪನಿಗಳಿಗೆ ಕೂಗು ಹೋಗುತ್ತದೆ. ಗೆದ್ದವರ ಜಾಹೀರಾತು ನಿಮಗೆ ಕಾಣುತ್ತದೆ. ಸೋತವರಿಗೂ ನೀವು ಯಾವ ಪುಟ ಓದುತ್ತಿದ್ದೀರಿ ಎಂಬ ಸುಳಿವು ಸಿಕ್ಕಿರುತ್ತದೆ. ಒಬ್ಬರ ಕುಕಿಯನ್ನು ಇನ್ನೊಬ್ಬರು ಓದಲಾಗದು ಎಂಬ ನಿಯಮವನ್ನೂ ಇವರು ಜಾಣತನದಿಂದ ದಾಟುತ್ತಾರೆ. ನನ್ನ 512 ನಿನ್ನಲ್ಲಿ 87 ಎಂದು ಎರಡು ಕಂಪನಿಗಳು ತಮ್ಮ ಸಂಖ್ಯೆಗಳನ್ನು ತಾಳೆ ಹಾಕಿಕೊಂಡರೆ ಮುಗಿಯಿತು.

1996ರ ಫೆಬ್ರುವರಿಯಲ್ಲಿ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಕುಕಿಗಳ ಬಗ್ಗೆ ಬರೆದಾಗ ಸಾಮಾನ್ಯ ಓದುಗರಿಗೆ ಮೊದಲ ಬಾರಿ ಇದರ ವಾಸನೆ ಬಡಿಯಿತು. ಅದೇ ಹೊತ್ತಿಗೆ ಡಬಲ್‌ಕ್ಲಿಕ್ ಎಂಬ ಕಂಪನಿ ಈ ತಂತ್ರದ ಮೇಲೆಯೇ ಜಾಹೀರಾತು ವ್ಯಾಪಾರ ಕಟ್ಟುತ್ತಿತ್ತು. ಮುಂದೆ ಗೂಗಲ್ ಅದನ್ನು 310 ಕೋಟಿ ಡಾಲರಿಗೆ ಕೊಂಡಿತು. ಆರ್‌ಎಫ್‌ಸಿ 2109 ಬರೆದ ಇಬ್ಬರಲ್ಲಿ ಒಬ್ಬರು ಡೇವಿಡ್ ಕ್ರಿಸ್ಟಲ್. ಇನ್ನೊಬ್ಬರು ಸ್ವತಃ ಲೂ ಮೊಂಟುಲಿ. ಅಂದರೆ ಕುಕಿಯನ್ನು ಹುಟ್ಟಿಸಿದವರ ಹೆಸರೇ ಇದ್ದ ನಿಯಮವನ್ನು ಅವರದೇ ಬ್ರೌಸರ್ ಪಾಲಿಸಲಿಲ್ಲ. ಕುಕಿಯನ್ನು ಮುಚ್ಚಿದರೆ ಜಾಹೀರಾತಿನವರು ಕಣ್ಣಿಗೆ ಕಾಣದ, ಬಳಕೆದಾರನ ಹಿಡಿತಕ್ಕೇ ಸಿಗದ ಬೇರೆ ದಾರಿ ಹಿಡಿಯುತ್ತಾರೆ ಎಂಬುದು ಮೊಂಟುಲಿ ಆಮೇಲೆ ಕೊಟ್ಟ ಸಮಜಾಯಿಷಿ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹಿಡಿತ ಇದೆಯೆಂದು ಬಳಕೆದಾರನಿಗೆ ಹೇಳಿದವರು ಯಾರು?

ಗೂಗಲಿನ ಎರಡು ದೋಣಿ

2003ರಲ್ಲಿ ಬಂದ ಆ್ಯಪಲ್‌ನ ಸಫಾರಿ, ಮೂರನೆಯವರ ಕುಕಿಗಳನ್ನು ಬಹುಮಟ್ಟಿಗೆ ತಾನಾಗಿ ತಡೆಯುತ್ತಿತ್ತು. ಆ ತಡೆಯನ್ನು ಗೂಗಲ್ ಒಂದು ಕಾಣದ ಫಾರಂ ಮೂಲಕ ದಾಟಿ ಜಾಹೀರಾತಿನ ಕುಕಿ ಇಟ್ಟದ್ದು ಬಯಲಾಯಿತು. ಸಫಾರಿ ಬಳಸುವವರು ಏನೂ ಮಾಡಬೇಕಿಲ್ಲ ಎಂದು ಅದೇ ಗೂಗಲ್ ಭರವಸೆ ಕೊಟ್ಟಿತ್ತು ಬೇರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ 2.25 ಕೋಟಿ ಡಾಲರ್ ದಂಡ ಕಟ್ಟಿಸಿತು. ಸಫಾರಿ 2020ರ ಮಾರ್ಚ್‌ನಲ್ಲಿ ಇಂಥ ಕುಕಿಗಳನ್ನು ಪೂರ್ತಿ ಮುಚ್ಚಿತು. ಫೈರ್‌ಫಾಕ್ಸ್ 2019ರಿಂದ ಹೆಸರಾಂತ ಬೇಹುಗಾರ ಕಂಪನಿಗಳ ಕುಕಿಗಳನ್ನು ತಡೆಯತೊಡಗಿ, 2022ರಲ್ಲಿ ಪ್ರತಿ ತಾಣಕ್ಕೂ ಬೇರೆ ಬೇರೆ ಖಾನೆ ಮಾಡಿತು. ಅಡುಗೆ ತಾಣದಲ್ಲಿ ಕೊಟ್ಟ ಟೋಕನ್ ಸೀರೆ ತಾಣದಲ್ಲಿ ಕಾಣುವುದೇ ಇಲ್ಲ.

ಕ್ರೋಮ್‌ನ ಕತೆ ಧಾರಾವಾಹಿಯಂತೆ ಎಳೆಯಿತು. 2020ರ ಜನವರಿಯಲ್ಲಿ, ಎರಡು ವರ್ಷದೊಳಗೆ ಮೂರನೆಯವರ ಕುಕಿಗಳಿಗೆ ಮಂಗಳ ಹಾಡುತ್ತೇವೆ ಎಂದಿತು ಗೂಗಲ್. ಗಡುವು 2023ಕ್ಕೆ ಹೋಯಿತು, 2024ಕ್ಕೆ ಹೋಯಿತು. 2024ರ ಜನವರಿಯಲ್ಲಿ ನೂರರಲ್ಲಿ ಒಬ್ಬ ಬಳಕೆದಾರನಿಗೆ ಪರೀಕ್ಷಾರ್ಥವಾಗಿ ಮುಚ್ಚಿದ್ದೂ ಆಯಿತು. ಆಮೇಲೆ ಮತ್ತೆ ಮುಂದೂಡಿ, ಜುಲೈನಲ್ಲಿ ಆ ಯೋಚನೆಯನ್ನೇ ಕೈಬಿಟ್ಟಿತು. ಬಳಕೆದಾರರನ್ನೇ ಕೇಳಿ ಅವರು ಹೇಳಿದಂತೆ ಮಾಡುತ್ತೇವೆ ಎಂಬ ಮಾತೂ 2025ರ ಏಪ್ರಿಲ್‌ನಲ್ಲಿ ಬಿದ್ದುಹೋಯಿತು. ಕುಕಿಗೆ ಪರ್ಯಾಯವೆಂದು ಕಟ್ಟುತ್ತಿದ್ದ ಪ್ರೈವಸಿ ಸ್ಯಾಂಡ್‌ಬಾಕ್ಸ್ ಯೋಜನೆಯ ಬಹುಪಾಲನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಮಡಚಿಟ್ಟರು. ಗೂಗಲಿಗೂ ಪೇಚಿತ್ತು ಅನ್ನಿ. ತಾನಾಗಿ ಮುಚ್ಚಿದರೆ ಪ್ರತಿಸ್ಪರ್ಧಿ ಜಾಹೀರಾತು ಕಂಪನಿಗಳ ಕತ್ತು ಹಿಸುಕಿದಂತೆ ಎಂದು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಕಣ್ಣಿಟ್ಟು ಕೂತಿದ್ದರು. ಬ್ರೌಸರ್ ಮಾಡುವವರೂ ಜಾಹೀರಾತು ಮಾರುವವರೂ ಒಬ್ಬರೇ ಆಗಿರುವಾಗ ಇನ್ನೇನನ್ನು ನಿರೀಕ್ಷಿಸುವುದು?

ಒಪ್ಪಿಗೆ ಎಂಬ ನಾಟಕ

ಬ್ರೌಸರಿನ ಒಂದು ಸ್ವಿಚ್ ಮಾಡಬೇಕಿದ್ದ ಕೆಲಸವನ್ನು ಯುರೋಪು ಕಾನೂನಿನಿಂದ ಮಾಡಿಸಲು ಹೊರಟಿತು. ಅಲ್ಲಿನ ಖಾಸಗಿತನದ ಕಾನೂನಿಗೆ ತಂದ 2009ರ ತಿದ್ದುಪಡಿ, ತಾಣ ನಡೆಯಲು ಅಗತ್ಯವಿಲ್ಲದ ಕುಕಿಗಳಿಗೆ ಮೊದಲೇ ಒಪ್ಪಿಗೆ ಬೇಕು ಎಂದಿತು. 2018ರ ಮೇ 25ರಿಂದ ಜಾರಿಯಾದ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನು ಆ ಒಪ್ಪಿಗೆ ಎಂಥದ್ದಿರಬೇಕು ಎಂದು ಬಿಗಿ ಮಾಡಿತು. ಉದ್ದೇಶ ಒಳ್ಳೆಯದೇ. ಫಲ ಮಾತ್ರ ಪ್ರತಿ ಪುಟದಲ್ಲೂ ಎದುರಾಗುವ ಪಟ್ಟಿ. ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬುದು ಢಾಳಾದ ಬಣ್ಣದಲ್ಲಿ ಒಂದೇ ಒತ್ತಿಗೆ ಸಿಗುತ್ತದೆ. ‘ಬೇಡ’ ಎನ್ನಲು ಬೂದು ಅಕ್ಷರದ ಕೊಂಡಿ, ಅದರೊಳಗೆ ಇನ್ನೊಂದು ಪರದೆ, ಅಲ್ಲಿ ನೂರಾರು ಕಂಪನಿಗಳ ಪಟ್ಟಿ. ಸಾಲದ್ದಕ್ಕೆ ಎಲ್ಲವನ್ನೂ ಬೇಡವೆಂದ ಮೇಲೂ ‘ನ್ಯಾಯಬದ್ಧ ಹಿತಾಸಕ್ತಿ’ ಎಂಬ ಹೆಸರಿನಡಿ ಇನ್ನೊಂದಿಷ್ಟು ಗುಂಡಿಗಳು ಆನ್ ಆಗಿಯೇ ಕೂತಿರುತ್ತವೆ. ಓದುವ ಅವಸರದಲ್ಲಿರುವವನು ಹಸಿರು ಗುಂಡಿ ಒತ್ತುತ್ತಾನೆ. ಒತ್ತಲೆಂದೇ ಅದು ಹಸಿರು.

ನ್ಯಾಯಾಲಯಗಳೂ ನಿಯಂತ್ರಕರೂ ಸುಮ್ಮನಿರಲಿಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯೇ ಅಲ್ಲ ಎಂದು ಯುರೋಪಿನ ಸರ್ವೋಚ್ಚ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ಹೇಳಿತು. ಒಪ್ಪುವಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲ ಎಂದು ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲಿಗೆ 15 ಕೋಟಿ ಯೂರೊ, ಫೇಸ್‌ಬುಕ್ಕಿಗೆ 6 ಕೋಟಿ ಯೂರೊ ದಂಡವನ್ನು ಪ್ರಕಟಿಸಿತು. ಈಗ ಹಲವು ತಾಣಗಳಲ್ಲಿ ಎರಡೂ ಗುಂಡಿಗಳು ಅಕ್ಕಪಕ್ಕ ಕಾಣುತ್ತಿದ್ದರೆ ಇಂಥ ಪೆಟ್ಟುಗಳೇ ಕಾರಣ.

ನಮ್ಮಲ್ಲಿ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪು ಒಬ್ಬ ಕನ್ನಡಿಗರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ್ದ ಅರ್ಜಿ ಅದು. ಆ ದಾರಿಯಲ್ಲೇ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಕಾಯ್ದೆಯಲ್ಲಿ ಕುಕಿ ಎಂಬ ಪದವಿಲ್ಲ. ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಒಪ್ಪಿಗೆಯ ಮೇಲೆ ಪಡೆಯುವವರು ಆ ಒಪ್ಪಿಗೆಯನ್ನು ಸ್ಪಷ್ಟವಾಗಿ ಕೇಳಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಬಿಡಬೇಕು. ಹದಿನೆಂಟು ತುಂಬದವರ ಜಾಡು ಹಿಡಿದು ಅವರತ್ತ ಜಾಹೀರಾತು ತೂರುವುದಕ್ಕೆ ನಿಷೇಧವಿದೆ. ಮಕ್ಕಳ ವಿಷಯದ ಹೊಣೆ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು.

ನನಗೆ ಹೆಚ್ಚು ಕುತೂಹಲ ಇರುವುದು ಇನ್ನೊಂದು ಅಂಶದ ಬಗ್ಗೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಕನ್ನಡದಲ್ಲೂ ಸಿಗಬೇಕು. ಯಂತ್ರಾನುವಾದದ ಅಸ್ಥಿಪಂಜರ ಬರುತ್ತದೋ, ಹಾಸನದ ಅಂಗಡಿಯವರಿಗೆ ಅರ್ಥವಾಗುವ ಕನ್ನಡ ಬರುತ್ತದೋ ನೋಡಬೇಕು. ಸದ್ಯಕ್ಕಂತೂ ಭಾರತದ ಬಹಳಷ್ಟು ತಾಣಗಳು ಕೇಳುವ ಗೋಜಿಗೇ ಹೋಗದೆ ಕುಕಿ ಇಟ್ಟು ಸುಮ್ಮನಿರುತ್ತವೆ. ಪಟ್ಟಿ ಕಾಣಲಿಲ್ಲ ಎಂದರೆ ಕುಕಿ ಇಲ್ಲ ಎಂದಲ್ಲ.

ಕಡಿವಾಣ ಇರುವುದು ಸೆಟ್ಟಿಂಗ್ಸ್‌ನಲ್ಲಿ

ಆದ್ದರಿಂದ ಪಟ್ಟಿಯ ಗುಂಡಿಗಳನ್ನು ನೆಚ್ಚಿ ಕೂರುವುದಕ್ಕಿಂತ ಆ ಹಳೆಯ ಸ್ವಿಚ್ಚನ್ನು ನೀವೇ ಆರಿಸುವುದು ವಾಸಿ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ; ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಎಂಬಲ್ಲಿ, ಕೆಲವು ಫೋನುಗಳಲ್ಲಿ ಸೈಟ್ ಸೆಟ್ಟಿಂಗ್ಸ್ ಎಂಬಲ್ಲಿ, ಥರ್ಡ್ ಪಾರ್ಟಿ ಕುಕೀಸ್ ಎಂಬ ಸಾಲಿದೆ. ಅದನ್ನು ಬ್ಲಾಕ್ ಮಾಡಿ. ಎಲ್ಲೋ ಒಂದು ತಾಣದಲ್ಲಿ ಲಾಗಿನ್ ಕಿಟಕಿಯೋ ಪಾವತಿಯ ಚೌಕಟ್ಟೋ ಮುನಿಸಿಕೊಂಡರೆ ಆ ತಾಣವೊಂದಕ್ಕೆ ಮಾತ್ರ ತಾತ್ಕಾಲಿಕವಾಗಿ ಬಿಡುವ ಆಯ್ಕೆ ಇದೆ. ಹಾಗೆ ಮುನಿಸಿಕೊಳ್ಳುವ ತಾಣಗಳು ಈಗ ಕಡಿಮೆ. ಸಫಾರಿಯ ದೆಸೆಯಿಂದ ತಾಣ ಕಟ್ಟುವವರೆಲ್ಲ ವರ್ಷಗಳ ಹಿಂದೆಯೇ ಸರಿಮಾಡಿಕೊಂಡಿದ್ದಾರೆ. ಐಫೋನ್ ಇರುವವರು ಸಫಾರಿಯ ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್ ಸೈಟ್ ಟ್ರ್ಯಾಕಿಂಗ್ ತಡೆ ಆನ್ ಇದೆಯೇ ನೋಡಿದರೆ ಸಾಕು. ಫೈರ್‌ಫಾಕ್ಸ್‌ನಲ್ಲಿ ಸ್ಟ್ಯಾಂಡರ್ಡ್ ಸಾಕು; ಹಠವಿದ್ದವರಿಗೆ ಸ್ಟ್ರಿಕ್ಟ್ ಇದೆ.

ಇರುವ ಕುಕಿಗಳನ್ನೆಲ್ಲ ಒಮ್ಮೆಗೇ ಅಳಿಸಬಹುದು. ಎಲ್ಲ ತಾಣಗಳಿಂದಲೂ ಲಾಗೌಟ್ ಆಗುತ್ತೀರಿ, ಪಾಸ್‌ವರ್ಡ್ ನೆನಪಿಲ್ಲದವರಿಗೆ ಸಂಜೆಯೆಲ್ಲ ಅದೇ ಕೆಲಸ. ವಿಳಾಸಪಟ್ಟಿಯ ಎಡಗಡೆಯ ಚಿಹ್ನೆ ಒತ್ತಿ ಒಂದು ತಾಣದ ಕುಕಿಗಳನ್ನು ಮಾತ್ರ ತೆಗೆಯುವುದು ಇನ್ನೂ ಜಾಣ ದಾರಿ. ಇನ್‌ಕಾಗ್ನಿಟೊ ಕಿಟಕಿಯ ಬಗ್ಗೆ ಜನರಲ್ಲಿ ಅತಿಯಾದ ಭಕ್ತಿ ಇದೆ. ಅದು ಮುಚ್ಚಿದಾಗ ತನ್ನ ಕುಕಿಗಳನ್ನು ಅಳಿಸುತ್ತದೆ, ಮನೆಯವರಿಗೆ ಇತಿಹಾಸ ಕಾಣದಂತೆ ಮಾಡುತ್ತದೆ. ನೀವು ಹೋದ ತಾಣಕ್ಕೆ, ಇಂಟರ್ನೆಟ್ ಕೊಟ್ಟ ಕಂಪನಿಗೆ, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನೀವು ಕಂಡೇ ಕಾಣುತ್ತೀರಿ.

ಸ್ವಿಚ್ ಆರಿಸಿದ ಮಾತ್ರಕ್ಕೆ ಮಾಯವಾದಿರೆಂದೂ ಅಲ್ಲ. ಓದುಗರ ಸಂಖ್ಯೆ ಎಣಿಸುವ ಗೂಗಲ್ ಅನಲಿಟಿಕ್ಸ್ ಆ ತಾಣದ ಹೆಸರಿನಲ್ಲೇ ಕುಕಿ ಇಡುವುದರಿಂದ ಈ ಜರಡಿಯಲ್ಲಿ ಸಿಗುವುದಿಲ್ಲ. ಪರದೆಯ ಅಳತೆ, ಫಾಂಟುಗಳು, ಬ್ರೌಸರಿನ ಆವೃತ್ತಿ ಇಂಥವನ್ನೆಲ್ಲ ಕೂಡಿಸಿ ಯಂತ್ರದ ಬೆರಳಚ್ಚು ತೆಗೆಯುವ ವಿದ್ಯೆಯೂ ಇದೆ. ಮೊಂಟುಲಿ ಎಚ್ಚರಿಸಿದ ಕಾಣದ ದಾರಿ ಇದೇ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಸುಲಭದ ಸ್ವಿಚ್ ಇಲ್ಲ. ಇನ್ನು ನಮ್ಮಲ್ಲಿ ಹೆಚ್ಚಿನವರ ಇಂಟರ್ನೆಟ್ ಇರುವುದು ಬ್ರೌಸರಿನಲ್ಲಲ್ಲ, ಆ್ಯಪ್‌ಗಳಲ್ಲಿ. ಅಲ್ಲಿ ಕುಕಿಯ ಕೆಲಸ ಮಾಡುವುದು ಫೋನಿನ ಜಾಹೀರಾತು ಐಡಿ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಹುಡುಕುಪಟ್ಟಿಯಲ್ಲಿ ಆ್ಯಡ್ಸ್ ಎಂದು ಟೈಪಿಸಿದರೆ ಅದನ್ನು ಅಳಿಸುವ ಆಯ್ಕೆ ಸಿಗುತ್ತದೆ. ನಿಮಿಷದ ಕೆಲಸ.

ಕುಕಿ ಕದ್ದರೆ

ಜಾಹೀರಾತಿನ ಕಾಟ ಕಿರಿಕಿರಿಯಷ್ಟೇ. ಲಾಗಿನ್ ಕುಕಿ ಕಳುವಾದರೆ ಮನೆಯೇ ಹೋದಂತೆ. ಪಾಸ್‌ವರ್ಡ್, ಒಟಿಪಿ ಎಲ್ಲ ದಾಟಿದ ಮೇಲೆ ಸರ್ವರ್ ಕೊಡುವ ಟೋಕನ್ ಅದು. ಅದನ್ನು ತೋರಿಸಿದವರೇ ಅದರ ಪಾಲಿಗೆ ನೀವು. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಿಡುಗಡೆ ಮಾಡಿ, ಕಾಫಿ ಅಂಗಡಿಯ ಬಿಟ್ಟಿ ವೈಫೈನಲ್ಲಿ ಪಕ್ಕದವರ ಫೇಸ್‌ಬುಕ್ ಕುಕಿಯನ್ನು ಯಾರು ಬೇಕಾದರೂ ಎಗರಿಸಬಹುದೆಂದು ತೋರಿಸಿದ. ದೊಡ್ಡ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ಬದಲಾಗಲು ಆ ಮುಜುಗರವೂ ಒಂದು ಕಾರಣ. ಈಗಿನ ಕಳ್ಳರು ಗಾಳಿಯಲ್ಲಿ ಹಿಡಿಯುವುದಿಲ್ಲ, ಕಂಪ್ಯೂಟರಿಗೇ ನುಗ್ಗುತ್ತಾರೆ. 2023ರ ಮಾರ್ಚ್‌ನಲ್ಲಿ ಕೆನಡಾದ ಲೈನಸ್ ಟೆಕ್ ಟಿಪ್ಸ್ ಎಂಬ ಬೃಹತ್ ಯೂಟ್ಯೂಬ್ ಚಾನೆಲ್ಲಿನ ಸಿಬ್ಬಂದಿಯೊಬ್ಬರು ಪ್ರಾಯೋಜಕರ ಕಡತವೆಂದು ನಂಬಿ ಒಂದು ಫೈಲ್ ತೆರೆದರು. ಕುಕಿಗಳು ಹೋದವು, ಹಿಂದೆಯೇ ಚಾನೆಲ್ ಹೋಯಿತು. ಪಾಸ್‌ವರ್ಡ್ ಯಾರಿಗೂ ಬೇಕಾಗಲೇ ಇಲ್ಲ.

ನಮ್ಮೂರುಗಳಲ್ಲಿ ಇದರ ಸರಳ ರೂಪ ಇರುವುದು ಜೆರಾಕ್ಸ್ ಅಂಗಡಿಗಳಲ್ಲಿ. ಹಾಲ್ ಟಿಕೆಟ್ಟೋ ಪಹಣಿಯೋ ಪ್ರಿಂಟ್ ತೆಗೆಸಲು ಅಲ್ಲಿಯ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯುತ್ತೇವೆ, ಪ್ರಿಂಟ್ ಬಂದೊಡನೆ ಕಿಟಕಿ ಮುಚ್ಚಿ ಎದ್ದು ಬರುತ್ತೇವೆ. ಕಿಟಕಿ ಮುಚ್ಚಿದರೆ ಲಾಗಿನ್ ಕುಕಿ ಹೋಗುವುದಿಲ್ಲ. ಲಾಗೌಟ್ ಮಾಡಿದಾಗಲೇ ಸರ್ವರ್ ಆ ಟೋಕನ್ನನ್ನು ರದ್ದು ಮಾಡುವುದು. ಅಂಥ ಕಡೆ ಮೊದಲಿಗೇ ಇನ್‌ಕಾಗ್ನಿಟೊ ಕಿಟಕಿ ತೆರೆಯುವುದು ಒಳ್ಳೆಯದು, ಅದು ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದೇ. ಮರೆತು ಬಂದಿದ್ದರೂ ದಾರಿ ಉಂಟು. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಲಾಗಿನ್ ಇರುವ ಎಲ್ಲ ಯಂತ್ರಗಳ ಪಟ್ಟಿ ಇರುತ್ತದೆ. ಗುರುತು ಸಿಗದ್ದನ್ನು, ಹಳೆಯ ಫೋನನ್ನು, ಆ ಅಂಗಡಿಯ ಕಂಪ್ಯೂಟರನ್ನು ಮನೆಯಲ್ಲೇ ಕೂತು ಸೈನ್ ಔಟ್ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ಇದೇ ಪಟ್ಟಿ ಲಿಂಕ್ಡ್ ಡಿವೈಸಸ್ ಎಂಬಲ್ಲಿದೆ.